ಬೆಟ್ಟದ ಸೈಕಲ್ ತಗೊಳ್ಳೋ ಮುಂಚೆ: ಯಾವ ದಾರಿಗೆ ಯಾವ ಎಂಟಿಬಿ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿರೋ ಎಲ್ಲರಿಗೂ ಸ್ವಾಗತ. ಸೈಕಲ್ ತುಳೀತಾ ಕೇಳ್ತಾ ಇದ್ರೆ ಮಾತ್ರ ದಯವಿಟ್ಟು ಕಿವಿಯಿಂದ ತೆಗೆದು ಜೇಬಲ್ಲಿ ಇಟ್ಕೊಳ್ಳಿ, ಮನೆಗೆ ಹೋಗಿ ಕೇಳಿ.

ನಮಗೆ ಬರೋ ಮೆಸೇಜ್‌ಗಳಲ್ಲಿ ಅತಿ ಹೆಚ್ಚು ಬರೋದು ಇದು: "ಅಣ್ಣಾ, ಬಜೆಟ್ 15 ಸಾವಿರ, ಒಳ್ಳೇ ಎಂಟಿಬಿ ಒಂದು ಹೇಳಿ." ಇದಕ್ಕೆ ನಾನು ಯಾವತ್ತೂ ಕಂಪನಿ ಹೆಸರು ಹೇಳಲ್ಲ. ವಾಪಸ್ ಒಂದೇ ಪ್ರಶ್ನೆ ಕೇಳ್ತೀನಿ, ಎಲ್ಲಿ ಓಡಿಸ್ತೀರಾ? ಅರ್ಧ ಜನ ಅಲ್ಲಿಗೆ ಸುಮ್ಮನಾಗ್ತಾರೆ. ಇನ್ನರ್ಧ ಜನ "ಎಲ್ಲಾ ಕಡೆ" ಅಂತಾರೆ. ಎಲ್ಲಾ ಕಡೆ ಓಡೋ ಸೈಕಲ್ ಅಂತ ಒಂದು ಇದ್ದಿದ್ರೆ ಈ ಸಂಚಿಕೆ ಬೇಕಾಗ್ತಾನೇ ಇರ್ಲಿಲ್ಲ.

ನಾನು ಒಂಬತ್ತು ವರ್ಷದಿಂದ ಬೆಂಗಳೂರಿನ ಒಂದು ಸೈಕಲ್ ವರ್ಕ್‌ಶಾಪ್‌ನಲ್ಲಿ ಕೈ ಎಣ್ಣೆ ಮಾಡ್ಕೊಂಡಿರೋನು. ಊರು ಸಕಲೇಶಪುರದ ಹತ್ತಿರ. ಮಾರೋ ಕೌಂಟರ್‌ಗಿಂತ ರಿಪೇರಿ ಸ್ಟ್ಯಾಂಡ್ ಮುಂದೆ ನಿಂತಿರೋದೇ ಜಾಸ್ತಿ. ಹಾಗಾಗಿ ಸೈಕಲ್ ಹೊಸದಾಗಿದ್ದಾಗ ಹೇಗೆ ಹೊಳೆಯುತ್ತೆ ಅನ್ನೋದಕ್ಕಿಂತ, ಆರು ತಿಂಗಳಾದ್ಮೇಲೆ ಯಾವ ಸ್ಥಿತಿಯಲ್ಲಿ ವಾಪಸ್ ಬರುತ್ತೆ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಇವತ್ತು ಹೇಳೋದೆಲ್ಲ ಆ ಕಡೆಯಿಂದ ನೋಡಿದ ಮಾತು.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ನಮ್ಮಲ್ಲಿ ಬೈಕ್ ಅಂದ್ರೆ ಪೆಟ್ರೋಲ್ ಹಾಕೋದು. "ಮಗ ಮೌಂಟನ್ ಬೈಕ್ ತಗೋತಾನಂತೆ" ಅಂತ ಅಂಗಡಿಗೆ ಬರೋ ಅಪ್ಪಂದಿರು ಬೆಲೆ ಚೀಟಿ ನೋಡಿ, "ಏನ್ರೀ, ಇದಕ್ಕೆ ಎಂಜಿನ್ನೂ ಇಲ್ಲ, 60 ಸಾವಿರಾನಾ?" ಅಂತಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಆ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿಲ್ಲದೆ ಕೊಡಬಾರದು.

ಈ ಸೈಕಲ್ ಹುಟ್ಟಿದ್ದು ಹೇಗೆ ಅಂತ ಎರಡು ನಿಮಿಷ ಹೇಳ್ತೀನಿ, ಯಾಕಂದ್ರೆ ಮುಂದೆ ಇದು ಕೆಲಸಕ್ಕೆ ಬರುತ್ತೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಕೌಂಟಿ ಅಂತ ಒಂದು ಜಾಗ ಇದೆ. 1970ರ ದಶಕದಲ್ಲಿ ಅಲ್ಲಿನ ಹುಡುಗರು 1930, 40ರ ಕಾಲದ ದಪ್ಪ ಟೈರಿನ ಹಳೇ ಶ್ವಿನ್ ಸೈಕಲ್‌ಗಳನ್ನ ಹುಡುಕಿ ತಂದು, ಬೆಟ್ಟದ ಮಣ್ಣಿನ ದಾರಿಯಲ್ಲಿ ಕೆಳಗೆ ಬಿಡ್ತಾ ಇದ್ರು. 1976ರಲ್ಲಿ ಅದು ರೇಸ್ ಆಯ್ತು. ರೇಸಿನ ಹೆಸರು ರೀಪ್ಯಾಕ್. ಯಾಕೆ ಆ ಹೆಸರು ಅಂದ್ರೆ, ಆ ಸೈಕಲ್‌ಗಳ ಬ್ರೇಕು ಹಿಂದಿನ ಹಬ್ಬಿನ ಒಳಗೆ ಇರ್ತಿತ್ತು, ಪೆಡಲ್ ಹಿಂದಕ್ಕೆ ಒತ್ತಿದ್ರೆ ಹಿಡಿಯೋದು. ಮೂರೂವರೆ ಕಿಲೋಮೀಟರ್ ಇಳಿಯೋ ಹೊತ್ತಿಗೆ ಆ ಹಬ್ಬು ಕಾದು, ಒಳಗಿದ್ದ ಗ್ರೀಸೆಲ್ಲ ಹೊಗೆಯಾಗಿ ಹೋಗ್ತಿತ್ತು. ಪ್ರತಿ ಸಲ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕು, ಅದೇ ರೀಪ್ಯಾಕ್. ಜೋ ಬ್ರೀಜ್, ಗ್ಯಾರಿ ಫಿಶರ್, ಟಾಮ್ ರಿಚಿ, ಚಾರ್ಲಿ ಕೆಲ್ಲಿ, ಇವರೆಲ್ಲ ಆ ಗುಂಪಿನವರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಸ್ಟಂಪ್‌ಜಂಪರ್ ಅಂತ ಒಂದನ್ನ ದೊಡ್ಡ ಸಂಖ್ಯೆಯಲ್ಲಿ ಮಾಡಿಸಿ ಮಾರಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಈ ಆಟ ಬಂತು.

ಗಮನಿಸಿ, ಆ ಹುಡುಗರ ಸೈಕಲ್‌ಗೆ ಸಸ್ಪೆನ್ಷನ್ ಇರಲಿಲ್ಲ. ಮುಂದಿನ ಶಾಕ್ ಫೋರ್ಕ್ ಮಾರುಕಟ್ಟೆಗೆ ಸರಿಯಾಗಿ ಬಂದಿದ್ದು ರಾಕ್‌ಶಾಕ್ಸ್ ಕಂಪನಿಯಿಂದ, 1989ರ ಸುಮಾರಿಗೆ. ಅದಕ್ಕೂ ಮುಂಚೆ ಅವರು ತಲೆ ಕೆಡಿಸಿಕೊಂಡಿದ್ದು ಬ್ರೇಕು, ಟೈರು, ಫ್ರೇಮು ಮೂರರ ಬಗ್ಗೆ. ನಮ್ಮ ಮಲೆನಾಡಿನಲ್ಲಿ ಹಾಲಿನ ಕ್ಯಾನ್ ಕಟ್ಕೊಂಡು 22 ಇಂಚಿನ ಕಪ್ಪು ಸೈಕಲ್ಲಲ್ಲಿ ತೋಟದ ದಾರಿ ಇಳಿಯೋರನ್ನ ಕೇಳಿ ನೋಡಿ, ಅವರೂ ಬ್ರೇಕಿನ ಬಗ್ಗೆನೇ ಹೇಳ್ತಾರೆ.

ಈಗ ನಮ್ಮ ಅಂಗಡಿಗೆ ಬನ್ನಿ. ಹುಡುಗರು ಬಂದು ಮೊದಲು ಕೇಳೋದು ಏನು? "ಅಣ್ಣಾ, ಡಬಲ್ ಶಾಕ್ ಇರೋದು ತೋರಿಸಿ." ಮುಂದೆ ಸ್ಪ್ರಿಂಗು, ಮಧ್ಯೆ ಸ್ಪ್ರಿಂಗು, 21 ಗೇರು, ಎರಡೂ ಕಡೆ ಡಿಸ್ಕ್, ಬೆಲೆ 13 ಸಾವಿರ. ನೋಡೋಕೆ ರಾಕ್ಷಸ. ಲೆಕ್ಕ ಹಾಕಿ ನೋಡಿ. ಕೆಲಸ ಮಾಡೋ ಒಂದು ಹಿಂದಿನ ಶಾಕ್‌ನ ಬೆಲೆನೇ ಅದಕ್ಕಿಂತ ಜಾಸ್ತಿ ಇರುತ್ತೆ. ಹಾಗಾದ್ರೆ 13 ಸಾವಿರದ ಸೈಕಲ್ಲಲ್ಲಿ ಇರೋ ಶಾಕ್ ಏನು? ಒಂದು ಸ್ಪ್ರಿಂಗು, ಅಷ್ಟೇ. ಒತ್ತಿದ್ರೆ ಕೆಳಗೆ ಹೋಗುತ್ತೆ, ಬಿಟ್ಟ ತಕ್ಷಣ ಪಟ್ ಅಂತ ಮೇಲೆ ಬರುತ್ತೆ. ವಾಪಸ್ ಬರೋ ವೇಗವನ್ನ ತಡೆಯೋ ಎಣ್ಣೆಯ ವ್ಯವಸ್ಥೆ ಅದರೊಳಗೆ ಇಲ್ಲ. ಆ ತಡೆಗೆ ಡ್ಯಾಂಪಿಂಗ್ ಅಂತಾರೆ. ಅದಿಲ್ಲದ ಸಸ್ಪೆನ್ಷನ್ ಕಲ್ಲಿನ ಮೇಲೆ ಚಕ್ರವನ್ನ ನೆಲಕ್ಕೆ ಅಂಟಿಸಿ ಇಡಲ್ಲ, ಬದಲಿಗೆ ನಿಮ್ಮನ್ನೇ ಎತ್ತಿ ಹಾಕುತ್ತೆ. ಏರಿನಲ್ಲಿ ನೀವು ತುಳಿದ ಶಕ್ತಿಯಲ್ಲಿ ಒಂದು ಪಾಲು ಸ್ಪ್ರಿಂಗ್ ನುಂಗುತ್ತೆ. ಸೈಕಲ್ ತೂಕ 17, 18 ಕೆ.ಜಿ. ಬೇರೆ.

ಎರಡು ವರ್ಷದ ಹಿಂದೆ ಪೀಣ್ಯ ಕಡೆ ಕೆಲಸ ಮಾಡೋ ಒಬ್ಬ ಹುಡುಗ ತನ್ನ ಸೈಕಲ್‌ನ ಆಟೋದಲ್ಲಿ ಹಾಕ್ಕೊಂಡು ತಂದ. ಮೊದಲ ಸಂಬಳದಲ್ಲಿ ತಗೊಂಡಿದ್ದು, ಇದೇ ತರಹದ್ದು. ಯಾವುದೋ ವಿಡಿಯೋ ನೋಡಿ ಗೆಳೆಯರ ಜೊತೆ ಬಂಡೆ ಮೇಲಿಂದ ಇಳಿಸಿದ್ದ. ಎತ್ತರ ಏನೂ ಜಾಸ್ತಿ ಇಲ್ಲ, ಮೊಣಕಾಲಿನಷ್ಟು. ಫೋರ್ಕಿನ ಕಾಲು ಎರಡೂ ಹಿಂದಕ್ಕೆ ಬಾಗಿ ಮುಂದಿನ ಚಕ್ರ ಫ್ರೇಮಿಗೆ ತಾಗ್ತಾ ಇತ್ತು. ಹುಡುಗನ ಮುಂದಿನ ಎರಡು ಹಲ್ಲು ಹೋಗಿತ್ತು, ಮಾತಾಡುವಾಗ ಕೈ ಅಡ್ಡ ಇಟ್ಕೊಂಡು ಮಾತಾಡ್ತಿದ್ದ. "ಅಣ್ಣಾ, ಎಂಟಿಬಿ ಅಂತ ಬರೆದಿತ್ತಲ್ಲ" ಅಂದ. ಹಲ್ಲಿನ ಡಾಕ್ಟರ ಬಿಲ್ಲು ಸೈಕಲ್ಲಿಗಿಂತ ಎರಡು ಪಟ್ಟು ಆಗಿತ್ತಂತೆ. ಅವನನ್ನ ನಾನು ಬಯ್ಯಲಿಲ್ಲ. ಬರೆದಿತ್ತು ನಿಜ. ಆದ್ರೆ ಅದೇ ಸೈಕಲ್‌ನ ಜೊತೆ ಬಂದ ಪುಸ್ತಕದಲ್ಲಿ, ಯಾರೂ ಓದದ ಪುಟದಲ್ಲಿ, ಇನ್ನೊಂದು ವಿಷಯಾನೂ ಬರೆದಿತ್ತು: ಜಿಗಿತಕ್ಕೆ, ಕಡಿದಾದ ದಾರಿಗೆ ಬಳಸಬಾರದು ಅಂತ.

ಆ ಪುಟದ ಬಗ್ಗೆನೇ ಹೇಳ್ತೀನಿ, ಇದು ಗೊತ್ತಿರೋದು ಬಹಳ ಕಡಿಮೆ ಜನಕ್ಕೆ. ಸೈಕಲ್‌ಗಳನ್ನ ಬಳಕೆಯ ಪ್ರಕಾರ ವಿಂಗಡಿಸೋ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ, ಎಎಸ್‌ಟಿಎಂ ಎಫ್2043. 1ರಿಂದ 5ರ ತನಕ ದರ್ಜೆ. 1 ಅಂದ್ರೆ ಡಾಂಬರು ರಸ್ತೆ ಮಾತ್ರ. 2 ಅಂದ್ರೆ ಮಣ್ಣು, ಜಲ್ಲಿ ರಸ್ತೆ, ಚಕ್ರ ನೆಲ ಬಿಟ್ಟು ಬೀಳೋ ಎತ್ತರ 15 ಸೆಂಟಿಮೀಟರ್ ದಾಟಬಾರದು. ಅಂದ್ರೆ ಒಂದು ಫುಟ್‌ಪಾತ್ ಎತ್ತರ. 3 ಅಂದ್ರೆ ನಿಜವಾದ ಕಾಲುದಾರಿ, ಬೇರು, ಕಲ್ಲು, 61 ಸೆಂಟಿಮೀಟರ್ ತನಕ. 4ರಲ್ಲಿ 122 ಸೆಂಟಿಮೀಟರ್ ತನಕ. 5 ಅಂದ್ರೆ ಡೌನ್‌ಹಿಲ್, ದೊಡ್ಡ ಜಂಪು. ದೊಡ್ಡ ಕಂಪನಿಗಳು ಈ ದರ್ಜೆಯನ್ನ ಕೈಪಿಡಿಯಲ್ಲೋ ಫ್ರೇಮಿನ ಸ್ಟಿಕ್ಕರ್ ಮೇಲೋ ಹಾಕ್ತಾರೆ. ಅಂಗಡಿಯಲ್ಲಿ "ಇದು ಯಾವ ಕೆಟಗರಿ?" ಅಂತ ಕೇಳಿ. ಉತ್ತರ ಗೊತ್ತಿಲ್ಲ ಅಂದ್ರೆ ಕೈಪಿಡಿ ತೆಗೆಸಿ ನೋಡಿ. ಮೊಬೈಲಲ್ಲಿ ಪಿಡಿಎಫ್ ಸಿಗುತ್ತೆ. ಈ ಒಂದು ನಂಬರು 21 ಗೇರು ಅನ್ನೋ ನಂಬರಿಗಿಂತ ನಿಮ್ಮ ಹಲ್ಲಿಗೆ ಹೆಚ್ಚು ಮುಖ್ಯ.

ಸರಿ, ಎಲ್ಲಿ ಓಡಿಸ್ತೀರಾ ಅನ್ನೋದಕ್ಕೆ ಬರೋಣ.

ನಿಮ್ಮ ಉತ್ತರ ಕಾಲೇಜು, ಆಫೀಸು, ಭಾನುವಾರ ಒಮ್ಮೆ ನಂದಿ ಬೆಟ್ಟ ಅಂತಾದ್ರೆ, ನಿಮಗೆ ಎಂಟಿಬಿ ಬೇಡ. ಹೌದು, ಎಂಟಿಬಿ ಸಂಚಿಕೆಯಲ್ಲೇ ಹೇಳ್ತಾ ಇದೀನಿ. ನಂದಿಗೆ ಇರೋದು ಡಾಂಬರು ರಸ್ತೆ. ಅಲ್ಲಿ ದಪ್ಪ ಗುಬಟು ಟೈರು, ಶಾಕು ಎಲ್ಲ ಸುಮ್ಮನೆ ಹೊತ್ಕೊಂಡು ಹತ್ತೋ ಭಾರ. ಹೈಬ್ರಿಡ್ ಅಂತ ಬರುತ್ತೆ, ನೇರ ಹ್ಯಾಂಡಲ್ಲು, ಶಾಕಿಲ್ಲದ ಗಟ್ಟಿ ಫೋರ್ಕು, 40 ಮಿಲಿಮೀಟರ್ ಆಸುಪಾಸಿನ ಟೈರು. ನಮ್ಮ ಗುಂಡಿಗಳಿಗೂ ತಡೆಯುತ್ತೆ. 15ರಿಂದ 20 ಸಾವಿರದ ಒಳಗೆ ಒಳ್ಳೇ ಸೈಕಲ್ ಬೇಕು ಅನ್ನೋರಿಗೆ ನನ್ನ ಉತ್ತರ ಹೆಚ್ಚಾಗಿ ಇದೇ. ಎಂಟಿಬಿ ತರಹನೇ ಕಾಣಬೇಕು ಅಂತ ಆಸೆ ಇದ್ರೆ, ಶಾಕಿಲ್ಲದ ದಪ್ಪ ಟೈರಿನದ್ದು ಹುಡುಕಿ. ಶಾಕಿಗೆ ಹೋಗೋ ದುಡ್ಡು ಬ್ರೇಕಿಗೂ ಚಕ್ರಕ್ಕೂ ಹೋಗಿರುತ್ತೆ.

ಬೆಂಗಳೂರಿನೋರು ಕನಕಪುರ ರಸ್ತೆ ಪಕ್ಕದ ತುರಹಳ್ಳಿಗೆ, ಯಲಹಂಕ ಕಡೆಯ ಅವಲಹಳ್ಳಿಗೆ ಹೋಗ್ತೀರಾ ಅಂತಿಟ್ಕೊಳ್ಳಿ. ಕೆಂಪು ಗಟ್ಟಿ ನೆಲ, ಮೇಲೆ ಸಡಿಲ ಮರಳು ಮಣ್ಣು, ಅಲ್ಲಲ್ಲಿ ಬಂಡೆ. ಹತ್ತೋದು ಇಳಿಯೋದು ಸಮಸಮ. ಇಲ್ಲಿಗೆ ಕ್ರಾಸ್ ಕಂಟ್ರಿ ಜಾತಿಯ ಹಾರ್ಡ್‌ಟೇಲ್ ಸಾಕು. ಹಾರ್ಡ್‌ಟೇಲ್ ಅಂದ್ರೆ ಮುಂದೆ ಮಾತ್ರ ಶಾಕು, ಹಿಂದೆ ಗಟ್ಟಿ. ಮುಂದಿನ ಶಾಕು 100ರಿಂದ 120 ಮಿ.ಮೀ. ಒಳಕ್ಕೆ ಹೋಗುವಂಥದ್ದು. ಇದರಿಂದ ಎರಡು ಲಾಭ. ಕೆಡೋ ಭಾಗ ಕಡಿಮೆ, ಮತ್ತೆ ಹಿಂದಿನ ಚಕ್ರವನ್ನ ಕಾಲಿನಿಂದ ಸಂಭಾಳಿಸೋದನ್ನ ನೀವೇ ಕಲಿತೀರಿ. ಹಾರ್ಡ್‌ಟೇಲಲ್ಲಿ ಕಲಿತವರು ಮುಂದೆ ಯಾವುದನ್ನ ಹತ್ತಿದ್ರೂ ಚೆನ್ನಾಗಿ ಓಡಿಸ್ತಾರೆ ಅನ್ನೋದು ನನ್ನ ಅನುಭವ, ವಾದ ಮಾಡೋರು ಮೆಸೇಜ್ ಮಾಡಿ. ಅಂದಹಾಗೆ ಈ ಜಾಗಗಳು ಅರಣ್ಯ ಇಲಾಖೆಯವು. ಹೋಗೋ ಮುಂಚೆ ಸೈಕಲ್ ಒಳಗೆ ಬಿಡ್ತಾರಾ ಅಂತ ವಿಚಾರಿಸ್ಕೊಂಡು ಹೋಗಿ.

ಚಿಕ್ಕಮಗಳೂರು, ಕೊಡಗು, ನಮ್ಮ ಸಕಲೇಶಪುರ ಕಡೆ ಕಥೆ ಬೇರೆ. ಇಳಿಜಾರು ಉದ್ದ, ಬೇರುಗಳು, ಜಂಬಿಟ್ಟಿಗೆ ಕಲ್ಲು, ಮಳೆಗಾಲದಲ್ಲಿ ಪಾಚಿ. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದ ಅತಿ ಎತ್ತರದ ಶಿಖರ. ಅಂಥಾ ಕಡೆ ಮಣ್ಣು ದಾರಿಯಲ್ಲಿ ಇಳಿಯುವಾಗ ಮುಂದಿನ ಚಕ್ರ ಎಷ್ಟು ಮುಂದಿದೆ ಅನ್ನೋದು ಲೆಕ್ಕಕ್ಕೆ ಬರುತ್ತೆ. ಇದಕ್ಕೆ ಹೆಡ್ ಆಂಗಲ್ ಅಂತಾರೆ, ಫೋರ್ಕು ನೆಲಕ್ಕೆ ಎಷ್ಟು ಓರೆಯಾಗಿದೆ ಅನ್ನೋ ಕೋನ. ಹಳೇ ಕಾಲದ, ಅಗ್ಗದ ಸೈಕಲ್‌ಗಳಲ್ಲಿ ಅದು 70 ಡಿಗ್ರಿ ಹತ್ತಿರ, ಹೆಚ್ಚುಕಡಿಮೆ ನೆಟ್ಟಗೆ. ಕಡಿದಾದ ಇಳಿಜಾರಲ್ಲಿ ಕಲ್ಲು ಸಿಕ್ಕರೆ ಹ್ಯಾಂಡಲ್ ಮೇಲಿಂದ ಹಾರಿಸಿಬಿಡುತ್ತೆ. ಈಗಿನ ಟ್ರೈಲ್ ಸೈಕಲ್‌ಗಳಲ್ಲಿ 65, 66 ಡಿಗ್ರಿ ಇರುತ್ತೆ. ಚಕ್ರ ಮುಂದಕ್ಕೆ ಚಾಚಿರುತ್ತೆ, ಇಳಿಯುವಾಗ ಧೈರ್ಯ ಬರುತ್ತೆ. ಶಾಕು 120ರಿಂದ 150 ಮಿ.ಮೀ. ಹಾರ್ಡ್‌ಟೇಲಲ್ಲೂ ಇಂಥದ್ದು ಸಿಗುತ್ತೆ, ಹಿಂದೆನೂ ಶಾಕಿರೋ ಫುಲ್ ಸಸ್ಪೆನ್ಷನ್‌ನಲ್ಲೂ ಸಿಗುತ್ತೆ. ಜೊತೆಗೆ ಡ್ರಾಪರ್ ಪೋಸ್ಟ್ ಅಂತ ಒಂದು ಬರುತ್ತೆ, ಹ್ಯಾಂಡಲ್ಲಲ್ಲಿ ಬೆರಳು ಒತ್ತಿದ್ರೆ ಸೀಟು ಕೆಳಗಿಳಿಯುತ್ತೆ. ಶೋಕಿ ಅಂತ ಅಂದ್ಕೋಬೇಡಿ. ಇಳಿಜಾರಲ್ಲಿ ಮೈ ಹಿಂದಕ್ಕೆ, ಕೆಳಕ್ಕೆ ತಗೊಂಡು ಹೋಗೋಕೆ ಸೀಟು ಅಡ್ಡ ಇರಬಾರದು. ಗೇರು ಮೇಲ್ದರ್ಜೆಗೆ ಏರಿಸೋದಾ, ಡ್ರಾಪರ್ ಹಾಕಿಸೋದಾ ಅಂತ ಯಾರಾದ್ರೂ ಕೇಳಿದ್ರೆ ನಾನು ಕಣ್ಣು ಮುಚ್ಚಿ ಡ್ರಾಪರ್ ಅಂತೀನಿ.

ಅದರ ಮೇಲೆ ಎಂಡ್ಯೂರೋ, 150ರಿಂದ 170 ಮಿ.ಮೀ. ಅದರ ಮೇಲೆ ಡೌನ್‌ಹಿಲ್, 200 ಮಿ.ಮೀ. ಡೌನ್‌ಹಿಲ್ ಸೈಕಲ್ ಹತ್ತೋಕೆ ಆಗೋದೇ ಇಲ್ಲ, ಜೀಪಲ್ಲೋ ಪಿಕಪ್ಪಲ್ಲೋ ಹಾಕ್ಕೊಂಡು ಮೇಲಕ್ಕೆ ಹೋಗಬೇಕು. ನಿಮ್ಮ ಹತ್ರ ಎಸ್ಟೇಟು, ಜೀಪು, ಜೀಪ್ ಓಡಿಸೋಕೆ ಒಪ್ಪೋ ಭಾವ, ಮೂರೂ ಇದ್ರೆ ತಗೊಳ್ಳಿ.

ಇನ್ನೊಂದು ಗುಂಪು ಇದೆ, ವೀಲಿ ಗುಂಪು. ಮುಂದಿನ ಚಕ್ರ ಎತ್ತಿ ಅರ್ಧ ಕಿಲೋಮೀಟರ್ ಹೋಗೋರು. ನಿಮಗೆ ಬೇಕಾಗಿರೋದು ಚಿಕ್ಕ ಫ್ರೇಮು, ಹಿಂದೆ ಒಂದು ಬೆರಳಲ್ಲಿ ಹಿಡಿಯೋ ಒಳ್ಳೇ ಬ್ರೇಕು, ಗಟ್ಟಿ ಹಿಂದಿನ ಚಕ್ರ. ಡರ್ಟ್ ಜಂಪ್ ಅಂತ ಪ್ರತ್ಯೇಕ ಜಾತಿ ಬರುತ್ತೆ, 26 ಇಂಚು ಚಕ್ರ, ಒಂದೇ ಗೇರು. ಮಾಡೋದನ್ನ ಮೈದಾನದಲ್ಲಿ ಮಾಡಿ. ರಿಂಗ್ ರೋಡ್‌ನಲ್ಲಿ ಬಸ್ಸಿನ ಮುಂದೆ ಮಾಡಿ ವಿಡಿಯೋ ಕಳಿಸಿದ್ರೆ ನಾನು ಲೈಕ್ ಒತ್ತಲ್ಲ.

ಉತ್ತರ ಕರ್ನಾಟಕದ ಕೇಳುಗರು ಯಾವಾಗ್ಲೂ ಹೇಳ್ತೀರಿ, ಎಲ್ಲಾ ಬರೀ ಬೆಂಗಳೂರು, ಮಲೆನಾಡು ಅಂತ. ನಿಮ್ಮ ವಿಷಯ ನನಗೆ ಬಹಳ ಇಷ್ಟವಾದದ್ದು, ಎರೆ ಮಣ್ಣು. ಒಂದು ಮಳೆ ಬಿದ್ದ ಮೇಲೆ ಎರೆ ಹೊಲದ ದಾರಿಗೆ ಎಂಟಿಬಿ ಇಳಿಸಿದ್ರೆ ನೂರು ಮೀಟರಲ್ಲಿ ಚಕ್ರ ನಿಂತೇ ಹೋಗುತ್ತೆ. ಮಣ್ಣು ಟೈರಿಗೆ ಮೆತ್ತಿ, ಫ್ರೇಮಿನ ಸಂದಿಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತೆ. ಶಾಕಿಗೆ ಎಷ್ಟು ಲಕ್ಷ ಕೊಟ್ಟಿದ್ರೂ ಇದಕ್ಕೆ ಉಪಯೋಗ ಇಲ್ಲ. ಹಾಗಾಗಿ ನೀವು ನೋಡಬೇಕಾದ್ದು, ಹಿಂದಿನ ಟೈರಿಗೂ ಫ್ರೇಮಿಗೂ ನಡುವೆ ಎಷ್ಟು ಜಾಗ ಇದೆ ಅನ್ನೋದು. ಕಿರುಬೆರಳು ಸಲೀಸಾಗಿ ಓಡಾಡಬೇಕು. ಫ್ರೇಮಿಗೆ 2.4 ಇಂಚಿನ ಟೈರು ಹಿಡಿಯುತ್ತೆ ಅಂದ್ರೆ ನೀವು 2.1ರದ್ದು ಹಾಕಿ, ಉಳಿದ ಜಾಗ ಮಣ್ಣಿಗೆ. ಗುಬಟು ದೂರ ದೂರ ಇರೋ ಟೈರು ತಗೊಳ್ಳಿ. ಮುಂದೆ ಒಂದೇ ಚೈನ್‌ರಿಂಗ್ ಇರೋದು ತಗೊಳ್ಳಿ. ಮೂರು ಚೈನ್‌ರಿಂಗು, ಅದನ್ನ ಬದಲಾಯಿಸೋ ಡಿರೇಲರ್ರು, ಇವೆಲ್ಲ ಎರೆ ಮಣ್ಣಿಗೆ ಕೂತ್ಕೊಳ್ಳೋಕೆ ಮಾಡಿಕೊಟ್ಟ ಜಾಗ.

ಬಯಲುಸೀಮೆ ಪೂರ್ತಿ ಇನ್ನೊಂದು ಶತ್ರು, ಜಾಲಿ ಮುಳ್ಳು. ನೆಲದಲ್ಲಿ ಹರಡೋ ನೆಗ್ಗಿಲು ಮುಳ್ಳು ಇನ್ನೂ ಕೆಟ್ಟದ್ದು. ಚಿತ್ರದುರ್ಗ, ಬಳ್ಳಾರಿ ಕಡೆಯವರಿಗೆ ನಾನು ಹೇಳೋದು, ಟ್ಯೂಬ್‌ಲೆಸ್ ಮಾಡಿಸೋಕೆ ಆಗೋ ರಿಮ್ಮು, ಟೈರು ಇದ್ಯಾ ಅಂತ ಕೊಳ್ಳುವಾಗಲೇ ಕೇಳಿ. ಒಳಗೆ ಸೀಲೆಂಟ್ ದ್ರವ ಹಾಕಿದ್ರೆ ಸಣ್ಣ ಮುಳ್ಳಿನ ತೂತನ್ನ ಅದೇ ಮುಚ್ಕೊಳ್ಳುತ್ತೆ. ನಮ್ಮ ಬಿಸಿಲಿಗೆ ಆ ದ್ರವ ಎರಡು ಮೂರು ತಿಂಗಳಲ್ಲಿ ಒಣಗುತ್ತೆ, ಮತ್ತೆ ಹಾಕಬೇಕು. ಇನ್ನು ಗಾಳಿ ವಿಷಯ. ಪಂಕ್ಚರ್ ಅಂಗಡಿಯೋರು ಪ್ರೀತಿಯಿಂದ ಕಲ್ಲಾಗೋ ತನಕ ತುಂಬ್ತಾರೆ. ಸುಮಾರು 65, 70 ಕೆ.ಜಿ. ತೂಕದೋರು, ಟ್ಯೂಬಿರೋ 2.2, 2.3 ಇಂಚು ಟೈರು, ಮಣ್ಣಿನ ದಾರಿ ಆದ್ರೆ 28, 30 ಪಿಎಸ್‌ಐ ಇಂದ ಶುರು ಮಾಡಿ. ಟ್ಯೂಬ್‌ಲೆಸ್ ಆದ್ರೆ ಇನ್ನೂ ನಾಲ್ಕೈದು ಕಡಿಮೆ. ಬಿಟ್ಟಿ ಸಿಗೋ ಅತಿ ದೊಡ್ಡ ಸಸ್ಪೆನ್ಷನ್ ಇದೇ.

ಹುಬ್ಬಳ್ಳಿಯಿಂದ ಒಬ್ಬರು ಕೇಳಿದಾರೆ. "ನನ್ನ ಎತ್ತರ 5 ಅಡಿ 1 ಇಂಚು, ಅಂಗಡಿಯಲ್ಲಿ ಲೇಡೀಸ್ ಸೈಕಲ್ ತಗೊಳ್ಳಿ ಮೇಡಂ ಅಂತ ಬುಟ್ಟಿ ಇರೋದನ್ನೇ ತೋರಿಸ್ತಾರೆ, ಏನು ಮಾಡ್ಲಿ?" ಮೇಡಂ, ನೀವು ಎಕ್ಸ್‌ಎಸ್ ಅಥವಾ ಎಸ್ ಸೈಜಿನ ಫ್ರೇಮು ಕೇಳಿ. ಚಕ್ರ 27.5 ಇಂಚು ಇದ್ರೆ ನಿಮಗೆ ಹಿಡಿತ ಸುಲಭ. 29 ಇಂಚು ಚಕ್ರ ಕಲ್ಲು ಗುಂಡಿ ಮೇಲೆ ಸಲೀಸಾಗಿ ಉರುಳುತ್ತೆ ನಿಜ, ಆದ್ರೆ ಚಿಕ್ಕ ಫ್ರೇಮಿಗೆ ಅದನ್ನ ಕೂರಿಸಿದ್ರೆ ಹ್ಯಾಂಡಲ್ಲು ಎತ್ತರ ಆಗುತ್ತೆ, ತಿರುವಲ್ಲಿ ಶೂ ತುದಿ ಟೈರಿಗೆ ತಾಗೋದೂ ಉಂಟು. ಸೈಕಲ್ ನಡುವೆ ಎರಡೂ ಕಾಲು ಊರಿ ನಿಂತಾಗ, ಮೇಲಿನ ಪೈಪಿಗೂ ನಿಮಗೂ ನಡುವೆ ಮೂರು ನಾಲ್ಕು ಬೆರಳಾದ್ರೂ ಜಾಗ ಬೇಕು. ಇದು ಎಲ್ಲರಿಗೂ ಅನ್ವಯಿಸುತ್ತೆ. "ಹುಡುಗ ಬೆಳೀತಾನೆ, ದೊಡ್ಡದೇ ಕೊಡಿ" ಅನ್ನೋ ಅಪ್ಪ ಅಮ್ಮಂದಿರಿಗೆ ವಿಶೇಷವಾಗಿ. ಶಾಲೆ ಯೂನಿಫಾರ್ಮ್ ತರಹ ಸೈಕಲ್‌ನ ಮಡಿಚಿ ಹೊಲಿಸೋಕೆ ಆಗಲ್ಲ.

ಈಗ ದುಡ್ಡು. ನಾನು ಹೇಳೋದು ಅಂದಾಜು, ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸ ಇರುತ್ತೆ. 20 ಸಾವಿರದ ಕೆಳಗೆ ನಿಜವಾದ ಕಲ್ಲು ದಾರಿಗೆ ಹೊಸ ಎಂಟಿಬಿ ನನ್ನ ಪ್ರಕಾರ ಇಲ್ಲ. 30, 40 ಸಾವಿರ ದಾಟಿದ ಮೇಲೆ ಹೈಡ್ರಾಲಿಕ್ ಬ್ರೇಕು, ಹಗುರ ಫ್ರೇಮು ಸಿಗೋಕೆ ಶುರು. 60 ಸಾವಿರದಿಂದ ಒಂದು ಲಕ್ಷದ ಒಳಗೆ ಗಾಳಿ ತುಂಬೋ ಫೋರ್ಕು ಬರುತ್ತೆ. ಗಾಳಿ ಯಾಕೆ ಬೇಕು ಅಂದ್ರೆ, ಸ್ಪ್ರಿಂಗ್ ಫೋರ್ಕನ್ನ ಯಾವುದೋ ಒಂದು ತೂಕಕ್ಕೆ ಲೆಕ್ಕ ಹಾಕಿ ಮಾಡಿರ್ತಾರೆ. 52 ಕೆ.ಜಿ. ಇರೋ ನಮ್ಮ ಕಾಲೇಜು ಹುಡುಗ ಕೂತ್ರೆ ಅದು ಅಲ್ಲಾಡೋದೇ ಇಲ್ಲ. ಗಾಳಿಯದ್ದಾದ್ರೆ ಪಂಪಲ್ಲಿ ಹೆಚ್ಚು ಕಡಿಮೆ ಮಾಡ್ಕೋಬಹುದು. ಸೈಕಲ್ ಮೇಲೆ ನಿಂತಾಗ ಫೋರ್ಕು ತನ್ನ ಒಟ್ಟು ಓಟದಲ್ಲಿ 20ರಿಂದ 25 ಶೇಕಡಾ ಒಳಕ್ಕೆ ಕೂತ್ಕೋಬೇಕು. ಫುಲ್ ಸಸ್ಪೆನ್ಷನ್ ಚೆನ್ನಾಗಿರೋದು ಬೇಕಾದ್ರೆ ಒಂದೂವರೆ ಲಕ್ಷದಿಂದ ಮೇಲೆ ಮಾತಾಡಿ, ಜೊತೆಗೆ ವರ್ಷಕ್ಕೆ ಒಂದು ಸಲ ಶಾಕು, ಬೇರಿಂಗು ಸರ್ವಿಸ್ ಖರ್ಚನ್ನೂ ಸೇರಿಸಿ. ಸೆಪ್ಟೆಂಬರ್ 2025ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿದಿದೆ. ಹಳೇ ಬೆಲೆ ಚೀಟಿ ನೇತಾಡ್ತಾ ಇದ್ರೆ ಕೇಳಿ.

ಒಂದು ಸಲಕ್ಕೆ ಎಲ್ಲಾ ಕೊಳ್ಳೋಕೆ ಆಗಲ್ಲ, ಮುಂದೆ ಒಂದೊಂದೇ ಬದಲಾಯಿಸ್ತೀನಿ ಅನ್ನೋರು ಬಹಳ ಜನ. ಒಳ್ಳೇ ಯೋಚನೆ, ಆದ್ರೆ ಫ್ರೇಮು ಅದಕ್ಕೆ ಒಪ್ಪಬೇಕು. ಹ್ಯಾಂಡಲ್ ಕೆಳಗಿನ ಆ ಕುಳ್ಳ ಪೈಪನ್ನ ನೋಡಿ, ಫೋರ್ಕು ಒಳಗೆ ಹೋಗೋ ಜಾಗ. ಅದು ಮೇಲಿಂದ ಕೆಳಗೆ ಅಗಲ ಆಗ್ತಾ ಹೋಗಿದ್ರೆ ಈಗಿನ ಒಳ್ಳೇ ಫೋರ್ಕುಗಳು ಕೂರುತ್ತವೆ. ಮೇಲೂ ಕೆಳಗೂ ಒಂದೇ ಸಣ್ಣ ಅಳತೆ ಇದ್ರೆ ಮುಂದೆ ಫೋರ್ಕು ಹುಡುಕೋದು ತಲೆನೋವು. ಚಕ್ರ ಹಿಡಿಯೋ ಆಕ್ಸೆಲ್ ನೋಡಿ. ಬೆರಳು ದಪ್ಪದ, ಪೂರ್ತಿ ತೂರಿ ಬಿಗಿಯೋ ಥ್ರೂ ಆಕ್ಸೆಲ್ ಇದ್ರೆ ಒಳ್ಳೇದು. ಹಿಂದಿನ ಗೇರು ಗುಚ್ಛ 7 ಸ್ಪೀಡಿನ ಫ್ರೀವೀಲ್ ಆಗಿದ್ರೆ ಸ್ವಲ್ಪ ಹುಷಾರು. ಆ ವಿನ್ಯಾಸದಲ್ಲಿ ಬೇರಿಂಗು ಒಳಗಡೆ ಇದ್ದು, ಆಕ್ಸೆಲ್‌ನ ತುದಿ ಆಸರೆ ಇಲ್ಲದೆ ಚಾಚಿರುತ್ತೆ. ಕುಕ್ಕಿದ ಏಟಿಗೆ ಬಾಗುತ್ತೆ. ನಮ್ಮ ವರ್ಕ್‌ಶಾಪ್‌ನ ಮೂಲೆಯಲ್ಲಿ ಬಾಗಿದ ಆಕ್ಸೆಲ್‌ಗಳ ಒಂದು ಡಬ್ಬಾನೇ ಇದೆ. 8, 9 ಸ್ಪೀಡು ದಾಟಿದ್ರೆ ಸಾಮಾನ್ಯವಾಗಿ ಫ್ರೀಹಬ್ ಬರುತ್ತೆ, ಅದರಲ್ಲಿ ಬೇರಿಂಗು ಹೊರತುದಿಗೆ ಇರೋದ್ರಿಂದ ಈ ಕಾಟ ಕಡಿಮೆ.

ಬ್ರೇಕ್ ಬಗ್ಗೆ ಸ್ವಲ್ಪ ನಿಂತು ಹೇಳ್ತೀನಿ. ಡಿಸ್ಕ್ ಅಂತ ಕಂಡ ತಕ್ಷಣ ಖುಷಿಯಾಗಬೇಡಿ. ತಂತಿ ಎಳೆಯೋ ಮೆಕ್ಯಾನಿಕಲ್ ಡಿಸ್ಕ್ ಇದೆ, ಎಣ್ಣೆ ಒತ್ತಡದ ಹೈಡ್ರಾಲಿಕ್ ಇದೆ. ತೀರಾ ಅಗ್ಗದ ತಂತಿ ಡಿಸ್ಕಿಗಿಂತ ಹೊಂದಿಸಿಟ್ಟ ರಬ್ಬರ್ ವಿ ಬ್ರೇಕ್ ಮೇಲು. ಉದ್ದ ಇಳಿಜಾರಿಗೆ ಹೈಡ್ರಾಲಿಕ್ ಬೇಕೇ ಬೇಕು. ಯಾಕಂದ್ರೆ ಹತ್ತು ನಿಮಿಷ ಬ್ರೇಕ್ ಹಿಡಿದು ಇಳಿಯುವಾಗ ಸೋಲೋದು ಮೊದಲು ನಿಮ್ಮ ಬೆರಳು. ಬೆರಳು ಸೋತ್ರೆ ಹ್ಯಾಂಡಲ್ ಹಿಡಿತ ಹೋಗುತ್ತೆ. ಡಿಸ್ಕ್ ಮೇಲೆ ಸಣ್ಣ ಅಕ್ಷರದಲ್ಲಿ "ರೆಸಿನ್ ಪ್ಯಾಡ್ ಓನ್ಲಿ" ಅಂತ ಇಂಗ್ಲಿಷಲ್ಲಿ ಬರೆದಿದ್ರೆ, ಅದಕ್ಕೆ ಲೋಹದ ಪ್ಯಾಡು ಹಾಕುವಂತಿಲ್ಲ. ಮಲೆನಾಡಿನ ಮಳೆ ಕೆಸರಲ್ಲಿ ರೆಸಿನ್ ಪ್ಯಾಡು ಬೇಗ ಸವೆಯುತ್ತೆ. ಮುಂದಿನ ಡಿಸ್ಕ್ 180 ಮಿ.ಮೀ. ಇದ್ರೆ 160ಕ್ಕಿಂತ ಶಾಖ ತಡೆಯುತ್ತೆ, ಭಾರದ ಮೈಯವರಿಗೆ ಅದು ಬೇಕು.

ಸೆಕೆಂಡ್ ಹ್ಯಾಂಡ್ ಬಗ್ಗೆ ತುಂಬಾ ಜನ ಹೆದರ್ತಾರೆ. ನಾನು ಹೆದರಲ್ಲ. ಲಾಕ್‌ಡೌನ್ ಸಮಯದಲ್ಲಿ ಉತ್ಸಾಹದಿಂದ ತಗೊಂಡು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸೋಕೆ ಬಳಸ್ತಿರೋ ಒಳ್ಳೊಳ್ಳೇ ಹಾರ್ಡ್‌ಟೇಲ್‌ಗಳು ಎಷ್ಟಿವೆ ಗೊತ್ತಾ? 40 ಸಾವಿರ ಇರೋರು ಹೊಸ ಮಧ್ಯಮ ಸೈಕಲ್‌ಗಿಂತ, ಗಾಳಿ ಫೋರ್ಕಿರೋ ಹಳೇದನ್ನ ಹುಡುಕೋದು ಜಾಣತನ. ನೋಡೋಕೆ ಹೋದಾಗ ಮೊಬೈಲ್ ಟಾರ್ಚ್ ಹಾಕಿ. ಫೋರ್ಕಿನ ಹೊಳೆಯೋ ಕಾಲುಗಳ ಮೇಲೆ ಉಗುರು ಆಡಿಸಿ, ಉಗುರು ಸಿಕ್ಕೋ ಗೀರು ಇದ್ರೆ ಎಣ್ಣೆ ಸೋರುತ್ತೆ. ಬೆಸುಗೆ ಹಾಕಿದ ಜಾಗದಲ್ಲೆಲ್ಲ ಕೂದಲೆಳೆ ಬಿರುಕು ಇದ್ಯಾ ನೋಡಿ, ಮುಖ್ಯವಾಗಿ ಹ್ಯಾಂಡಲ್ ಕೆಳಗೆ. ಮುಂದಿನ ಬ್ರೇಕ್ ಹಿಡಿದು ಸೈಕಲ್‌ನ ಹಿಂದೆ ಮುಂದೆ ಅಲ್ಲಾಡಿಸಿ, ಟಕ್ ಟಕ್ ಅಂದ್ರೆ ಬೇರಿಂಗು. ಪೆಡಲ್ ಕೂರೋ ಜಾಗದ ಕೆಳಗೆ ಫ್ರೇಮ್ ನಂಬರ್ ಕೊರೆದಿರುತ್ತೆ, ಅದೂ ಬಿಲ್ಲಿನ ನಂಬರೂ ಒಂದೇನಾ ನೋಡಿ. ನಂಬರ್ ಉಜ್ಜಿ ಹಾಕಿದ್ರೆ ಎಷ್ಟೇ ಅಗ್ಗ ಆದ್ರೂ ಕೈ ಮುಗಿದು ವಾಪಸ್ ಬನ್ನಿ. ಯಾರದ್ದೋ ಕದ್ದ ಸೈಕಲ್ ಅದು.

ಹೊಸದೇ ತಗೊಳ್ಳೋರು, ಅಂಗಡಿಯ ಮುಂದಿನ ನುಣುಪು ರಸ್ತೆಯಲ್ಲಿ ಒಂದು ಸುತ್ತು ಹಾಕಿ ತೀರ್ಮಾನ ಮಾಡಬೇಡಿ. ಹತ್ತಿರದಲ್ಲಿ ಒಂದು ಏರು, ಒಂದು ಹಂಪ್ ಹುಡುಕಿ. ನಿಂತ್ಕೊಂಡು ತುಳೀರಿ. ಚಿಕ್ಕ ಗೇರಲ್ಲಿ ಏರಿನ ಮೇಲೆ ಮುಂದಿನ ಚಕ್ರ ಎದ್ದು ಅಲೆದಾಡುತ್ತಾ, ಇಲ್ವಾ ನೋಡಿ. ಹೆಲ್ಮೆಟ್, ಪಂಪು, ಕೈಗವಸು ಬಜೆಟ್ಟಿನ ಒಳಗೇ ಇರಲಿ. 40 ಸಾವಿರ ಇದ್ರೆ 36ರ ಸೈಕಲ್ ನೋಡಿ. ಸೈಕಲ್‌ಗೆ ಪೂರ್ತಿ ಸುರಿದು ಹೆಲ್ಮೆಟ್ ಮುಂದಿನ ತಿಂಗಳು ಅನ್ನೋರನ್ನ ನಾನು ಅಂಗಡಿಯಿಂದ ಹೊರಗೆ ಬಿಡೋಕೆ ಬೇಕಂತಲೇ ಲೇಟ್ ಮಾಡ್ತೀನಿ. ಕಂತಲ್ಲಿ ತಗೊಳ್ಳೋದಾದ್ರೆ, ಮೊದಲ ವರ್ಷ ಟೈರು, ಚೈನು, ಪ್ಯಾಡು ಅಂತ ಕೈಯಿಂದ ಇನ್ನೂ ದುಡ್ಡು ಹೋಗುತ್ತೆ ಅನ್ನೋದನ್ನ ಕಂತಿನ ಲೆಕ್ಕದಲ್ಲಿ ಹಿಡೀರಿ. ತಂದು ಒಂದು ತಿಂಗಳೊಳಗೆ ಫ್ರೀ ಸರ್ವಿಸ್‌ಗೆ ತಪ್ಪದೆ ತಗೊಂಡು ಹೋಗಿ. ಹೊಸ ಚಕ್ರದ ಕಡ್ಡಿಗಳು ಸಡಿಲ ಆಗೋದು, ತಂತಿಗಳು ಹಿಗ್ಗೋದು ಆ ಮೊದಲ ನೂರಿನ್ನೂರು ಕಿಲೋಮೀಟರ್‌ನಲ್ಲೇ.

ಕಾಡಿಗೆ ಹೋಗೋರಿಗೆ ಒಂದು ಮಾತು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಅನುಮತಿ ಇಲ್ಲದೆ ಹೋಗೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಗೂಗಲ್ ಮ್ಯಾಪಲ್ಲಿ ಗೆರೆ ಇದೆ ಅಂತ ನುಗ್ಗಬೇಡಿ. ನಮ್ಮ ಸಕಲೇಶಪುರ, ಆಲೂರು ಕಡೆ ಕಾಫಿ ತೋಟದಲ್ಲೇ ಆನೆ ಇರುತ್ತೆ, ಊರಿನವರನ್ನ ಕೇಳದೆ ಬೆಳಗಿನ ಜಾವ ತೋಟದ ದಾರಿ ಹಿಡಿಯಬೇಡಿ. ಸೈಕಲ್ ಸದ್ದಿಲ್ಲದೆ ಬರುತ್ತೆ, ಆನೆಗೆ ಅದು ಇಷ್ಟ ಆಗಲ್ಲ. ಇಂಬಳಕ್ಕೆ ಮಾತ್ರ ತುಂಬಾ ಇಷ್ಟ ಆಗುತ್ತೆ. ಮಳೆಗಾಲ ಆದ್ರೆ ಉದ್ದ ಸಾಕ್ಸ್ ಹಾಕ್ಕೊಳ್ಳಿ, ಉಪ್ಪಿನ ಪೊಟ್ಟಣ ಜೇಬಲ್ಲಿರಲಿ.

ಮುಂದಿನ ಸಂಚಿಕೆಯಲ್ಲಿ ಚೈನ್ ತೊಳೆಯೋದು, ಎಣ್ಣೆ ಹಾಕೋದು, ಯಾವ ಎಣ್ಣೆ ಅಂತ ಮಾತಾಡ್ತೀನಿ. ಅಡುಗೆ ಎಣ್ಣೆ ಹಾಕಬಹುದಾ ಅಂತ ಈಗಾಗಲೇ ಮೂರು ಜನ ಕೇಳಿದೀರಾ. ಕೊಳ್ಳೋ ಮುಂಚೆ ಸಂಶಯ ಇದ್ರೆ ಆ ಸೈಕಲ್‌ನ ಬಲಗಡೆಯಿಂದ ಒಂದು ಫೋಟೋ, ಹ್ಯಾಂಡಲ್ ಕೆಳಗಿನ ಪೈಪಿನದ್ದು ಒಂದು ಫೋಟೋ, ನಿಮ್ಮ ಎತ್ತರ, ತೂಕ, ಓಡಿಸೋ ಜಾಗ ಇಷ್ಟು ಕಳಿಸಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡಿ ಉತ್ತರ ಕೊಡ್ತೀನಿ.